ನಾಚಿಕೆಮುಳ್ಳೂ ಒಬ್ಬ ಅಧ್ಯಾಪಕರೂ

ದಾರಿಯ ಬದಿಯ ನಾಚಿಕೆಮುಳ್ಳನ್ನು ಮುಟ್ಟಿದೊಡನೆ ಅದರ ಎಲೆಗಳು ಮುದುಡಿಕೊಳ್ಳುವುದನ್ನು ನೋಡದವರು ವಿರಳ. ಸ್ನಾಯುಗಳೇ ಇಲ್ಲದ ಗಿಡ ಚಲಿಸುವುದಾದರೂ ಹೇಗೆ?

ಎಲೆಯ ಬುಡದಲ್ಲಿ ಸಣ್ಣದೊಂದು ಉಬ್ಬು ಇದೆ. ಸ್ಪರ್ಶದ ಸಂಕೇತವು ಅಲ್ಲಿಗೆ ತಲಪಿದಾಗ ಉಬ್ಬಿನ ಒಂದು ಪಾರ್ಶ್ವದ ಜೀವಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳು ಹೊರಬೀಳುತ್ತವೆ. ಅವುಗಳನ್ನು ಹಿಂಬಾಲಿಸಿ ನೀರೂ ಹೊರಹರಿಯುತ್ತದೆ. ಬಿಗಿತವನ್ನು ಕಳೆದುಕೊಂಡ ಕೋಶಗಳು ಕುಗ್ಗುವುದರಿಂದ ಎಲೆ ಬಾಗುತ್ತದೆ. ಕೆಲವು ನಿಮಿಷಗಳ ಅನಂತರ ಅಯಾನುಗಳೂ ನೀರೂ ಮರಳಿ ಕೋಶಗಳನ್ನು ಸೇರಿ ಎಲೆ ಅರಳುತ್ತದೆ.

ಇಂತಹ ಚಲನೆಯನ್ನೂ, ಉಪ್ಪುನೆಲದಲ್ಲಿ ಸಸ್ಯಗಳು ಬದುಕುವ ಬಗೆಯನ್ನೂ ಅಭ್ಯಸಿಸಿದವರಲ್ಲಿ ಅಮೆರಿಕದ ನೀಲ್ ಕ್ಯಾಂಪ್‌ಬೆಲ್ (1946–2004) ಒಬ್ಬರು. ಆದರೆ ಅವರ ಕೀರ್ತಿಗೆ ಮುಖ್ಯ ಕಾರಣ ಅವರ ಬೋಧನೆ. ಕಾರ್ನೆಲ್ ವಿಶ್ವವಿದ್ಯಾನಿಲಯದಂತಹ ಹೆಸರಾಂತ ಸಂಸ್ಥೆಯಲ್ಲಿ ಪಾಠ ಹೇಳಿದ ಅವರು, ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ವ್ಯಾಲಿ ಕಾಲೇಜಿನಲ್ಲಿಯೂ ಅಧ್ಯಾಪಕರಾಗಿದ್ದರು. ಇದೊಂದು ‘ಕಮ್ಯುನಿಟಿ ಕಾಲೇಜು’.

ಕಮ್ಯುನಿಟಿ ಕಾಲೇಜೆಂದರೇನು? ಇಲ್ಲಿ ಎರಡು ವರ್ಷಗಳ ವ್ಯಾಸಂಗ, ಶುಲ್ಕ ಕಡಮೆ. ಮುಂದೆ ಓದಬಯಸುವವರು ಇಲ್ಲಿಂದ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಈ ಬಗೆಯ ಮೊದಲ ಸಾರ್ವಜನಿಕ ಕಾಲೇಜು 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಪಟ್ಟಣದಲ್ಲಿ ಆರಂಭವಾಯಿತು. ಹಗಲೆಲ್ಲ ದುಡಿಯುವವರೂ, ಸಂಸಾರದ ಹೊಣೆ ಹೊತ್ತವರೂ ಇಲ್ಲಿ ಹದಿನೆಂಟರ ತರುಣರೊಡನೆ ಒಂದೇ ಬೆಂಚಿನಲ್ಲಿ ಕುಳಿತು ಕಲಿಯುತ್ತಾರೆ. ಸ್ನಾತಕೋತ್ತರ ಪದವಿ ಪಡೆದವರು ಇಲ್ಲಿ ಅಧ್ಯಾಪಕರಾಗಬಹುದು. ಅವರ ಪ್ರಧಾನ ಕರ್ತವ್ಯ ಸಂಶೋಧನೆಯಲ್ಲ, ಬೋಧನೆ.

ಹಾಗೆಂದು ಈ ವೃತ್ತಿ ಕೀಳೆಂದು ಭಾವಿಸಲಾಗದು. ತಜ್ಞನಿಗೆ ತಿಳಿಸುವುದು ಸುಲಭ. ಸೂಕ್ಷ್ಮದರ್ಶಕವನ್ನು ಮೊದಲ ಬಾರಿಗೆ ಮುಟ್ಟುವವನಿಗೆ ಕೋಶದ ಮರ್ಮವನ್ನು ತಿಳಿಸುವುದೇ ಕಷ್ಟ. ವಿಷಯವನ್ನು ಬೇರುಸಹಿತ ಅರಿಯದವನಿಂದ ಅದು ಸಾಧ್ಯವಾಗದು.

1986ರಲ್ಲಿ ಆ ಕಾಲೇಜು ತನ್ನ ಮೊಟ್ಟಮೊದಲ ಶ್ರೇಷ್ಠ ಪ್ರಾಧ್ಯಾಪಕ ಪ್ರಶಸ್ತಿಯನ್ನು ಕ್ಯಾಂಪ್‌ಬೆಲ್ಲರಿಗೆ ನೀಡಿತು. ಮರುವರ್ಷ, 1987ರಲ್ಲಿ, ಅವರ ‘ಬಯಾಲಜಿ’ ಪಠ್ಯಪುಸ್ತಕ ಹೊರಬಂದಿತು. ಬಿಡಿಬಿಡಿ ಸಂಗತಿಗಳ ರಾಶಿಯಾಗಿ ಕಾಣುವ ಜೀವವಿಜ್ಞಾನವನ್ನು, ಜೀವವಿಕಾಸವೇ ಮೊದಲಾದ ಕೆಲವು ಮೂಲತತ್ತ್ವಗಳ ಸುತ್ತ ಹೆಣೆದು ತೋರಿಸಿದುದು ಅದರ ವೈಶಿಷ್ಟ್ಯ. ಅನೇಕ ದೇಶಗಳಲ್ಲಿ ಅದು ಪಠ್ಯವಾಯಿತು. ಜೀವವಿಜ್ಞಾನ ಒಲಿಂಪಿಯಾಡಿಗೆ ಸಿದ್ಧರಾಗುವ ನಮ್ಮ ವಿದ್ಯಾರ್ಥಿಗಳೂ ಅದನ್ನು ಬಲ್ಲರು. ಅವರು ತೀರಿಕೊಂಡ ಮೇಲೆ ಇತರ ವಿದ್ವಾಂಸರು ಅದನ್ನು ಪರಿಷ್ಕರಿಸುತ್ತ ಬಂದಿದ್ದಾರೆ; ಈಗ ಗ್ರಂಥದ ಹೆಸರೇ ‘ಕ್ಯಾಂಪ್‌ಬೆಲ್ ಬಯಾಲಜಿ’.

ಹೊಸ ಸತ್ಯವನ್ನು ಕಂಡುಹಿಡಿಯುವವನು ವಿಜ್ಞಾನಿ. ಕಂಡ ಸತ್ಯವನ್ನು ಸಾವಿರಾರು ಮನಸ್ಸುಗಳಲ್ಲಿ ಬಿತ್ತುವವನೂ ವಿಜ್ಞಾನದ ಸೇವಕನೇ. ಮುಂದಿನ ಸಲ ನಾಚಿಕೆಮುಳ್ಳನ್ನು ಮುಟ್ಟಿದಾಗ, ಅದು ಏಕೆ ಮುದುಡಿತೆಂದು ಪಕ್ಕದಲ್ಲಿರುವ ಕಿರಿಯನಿಗೆ ವಿವರಿಸಿ ನೋಡಿರಿ. ಅಧ್ಯಾಪನದ ಕಷ್ಟವೂ ಸುಖವೂ ಆಗ ತಾವಾಗಿಯೇ ತಿಳಿಯುವುವು.