ವ್ರತಿಗಳ ಆಹಾರದಲ್ಲಿ ನಾರು ಮತ್ತು ರಕ್ತದ ಸಕ್ಕರೆ

ಬರಿಹೊಟ್ಟೆಯಲ್ಲಿ ಪರೀಕ್ಷಿಸಿದ ರಕ್ತದಲ್ಲಿ ಡೆಸಿಲೀಟರಿಗೆ ೧೦೦ರಿಂದ ೧೨೫ ಮಿಲಿಗ್ರಾಂ ಸಕ್ಕರೆ ಕಂಡುಬಂದರೆ ಅದನ್ನು ಮಧುಮೇಹದ ಪೂರ್ವಸ್ಥಿತಿಯೆಂದು ಗಣಿಸಲಾಗುತ್ತದೆ. ರೋಗವಿನ್ನೂ ನೆಲೆಗೊಂಡಿಲ್ಲ, ಆಹಾರನಿಯಮ, ನಡಿಗೆ, ತೂಕದ ಇಳಿಕೆಗಳಿಂದ ತಡೆಯಲು ಅವಕಾಶವಿದೆ. ಇಂಥವರಿಗಾಗಿ ಔಷಧದ ಅಂಗಡಿಗಳಲ್ಲಿ 'ಪ್ರಿಬಯೋಟಿಕ್ ನಾರು' ಎಂಬ ಪುಡಿಗಳು ದೊರೆಯುತ್ತವೆ. ಜೋರಾಪುರ ಪೇಟೆಯ ಶ್ರಾವಕನು ಅದನ್ನು ಕೊಳ್ಳುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ಭಕ್ಷ್ಯವೇ? ಇದು ಹಿತವೇ?

ನಾರೆಂದರೆ ಸಣ್ಣ ಕರುಳಿನಲ್ಲಿ ಜೀರ್ಣವಾಗದ ಸಸ್ಯಾಂಶ. ಕೆಲವು ಬಗೆಯ ನಾರು ನೀರಿನಲ್ಲಿ ಲೋಳೆಯಾಗಿ, ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಕೆಲವು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಇದೇ ಪ್ರಿಬಯೋಟಿಕ್. ಆಗ ಉಂಟಾಗುವ ಆಮ್ಲಗಳು ಇನ್ಸುಲಿನ್ನಿನ ಕಾರ್ಯಕ್ಕೆ ನೆರವಾಗಬಲ್ಲವು. ಆದರೆ ಪುಡಿಯ ಲಾಭ ಮಿತವಾದುದು. ಅದು ಆಹಾರನಿಯಮಕ್ಕೆ ಬದಲಿಯಲ್ಲ.

ಇನ್ಯುಲಿನ್ ಎಂಬ ಪುಡಿಯನ್ನು ಬಹುಮಟ್ಟಿಗೆ ಚಿಕೋರಿ ಬೇರಿನಿಂದ ತೆಗೆಯುತ್ತಾರೆ. ಕಂದಮೂಲ ತ್ಯಾಗ ಮಾಡಿದವರಿಗೆ ಅದು ಸಲ್ಲದು. ಪೊಟ್ಟಣದ ಹಸಿರು ಚುಕ್ಕೆ ಸಸ್ಯಾಹಾರವೆಂದಷ್ಟೇ ಸಾರುತ್ತದೆ. ಬೇರೋ ಬೀಜವೋ ಎಂಬುದನ್ನು ತಿಳಿಸುವುದಿಲ್ಲ. ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್ ಆಗಿದ್ದರೆ ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ಬಂದದ್ದು. ಇಸಬಗೋಲು ಬೀಜದ ಸಿಪ್ಪೆಯಾದ್ದರಿಂದ ಅದಕ್ಕೆ ಕಂದಮೂಲದ ದೋಷವಿಲ್ಲ. ಅದು ಸೂಕ್ಷ್ಮಜೀವಿಗಳಿಗೆ ಹೆಚ್ಚು ಆಹಾರವಾಗದಿದ್ದರೂ ಲೋಳೆಯ ಗುಣದಿಂದ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ಆದರೆ ಅದರೊಡನೆ ತುಂಬಿದ ಲೋಟ ನೀರು ಅವಶ್ಯ. ನೀರು ಸಾಲದಿದ್ದರೆ ಗಂಟಲಿನಲ್ಲಿಯೋ ಕರುಳಿನಲ್ಲಿಯೋ ಕಟ್ಟಿಕೊಳ್ಳುವ ಭಯವುಂಟು. ಆದುದರಿಂದ ನೀರನ್ನೂ ತ್ಯಜಿಸಿದ ಉಪವಾಸದ ದಿನ ಅದನ್ನು ಸೇವಿಸಲಾಗದು.

ನಾರಿನ ನಿಜವಾದ ಸಂಗ್ರಹವು ಅಡುಗೆಮನೆಯಲ್ಲಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ವಯಸ್ಕರಿಗೆ ಆಹಾರದಿಂದಲೇ ದಿನಕ್ಕೆ ಕನಿಷ್ಠ ೨೫ ಗ್ರಾಂ ನಾರನ್ನು ವಿಧಿಸಿತು. ತಿಕೋಟಾ, ಬಬಲೇಶ್ವರ ಸೀಮೆಯ ನಿತ್ಯದ ಧಾನ್ಯವಾದ ಜೋಳದ ೧೦೦ ಗ್ರಾಂನಲ್ಲಿ ಸುಮಾರು ೧೦ ಗ್ರಾಂ ನಾರಿದೆ. ಬಿಳಿಯ ಅಕ್ಕಿಯಲ್ಲಿ ೩ ಗ್ರಾಂ ಸಹ ಇಲ್ಲ. ತೊಗರಿ, ಹೆಸರು, ಕಡಲೆಗಳಲ್ಲಿ ಪ್ರಿಬಯೋಟಿಕ್ ಅಂಶವೂ ಸೇರಿದೆ. ಅಷ್ಟಮಿ, ಚತುರ್ದಶಿಗಳಂದು ಹಸಿರು ತ್ಯಜಿಸುವವರಿಗೂ ಇವು ಒದಗುತ್ತವೆ. ಮೊಸರು ಬೆರೆಸದೆ ದ್ವಿದಳದೋಷವನ್ನು ಪರಿಹರಿಸಿಕೊಂಡರಾಯಿತು.

ಪಾರಣೆಯಲ್ಲಿ ಮೊದಲಿಗೇ ಬೆಲ್ಲದ ಪಾನಕ, ಪಾಯಸ ಸೇವಿಸಿದರೆ ಸಕ್ಕರೆ ಬೇಗನೆ ಏರುತ್ತದೆ. ರೊಟ್ಟಿ, ಬೇಯಿಸಿದ ಹೆಸರುಕಾಳುಗಳನ್ನು ಊನೋದರದ ಮಿತಿಯಲ್ಲಿ ಉಣ್ಣುವುದು ಲೇಸು. ಸಕ್ಕರೆಗಾಗಿ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿದ ಬಳಿಕವೇ ಉಪವಾಸದ ಸಂಕಲ್ಪ ಮಾಡಬೇಕು. ಸಕ್ಕರೆ ಅತಿಯಾಗಿ ಇಳಿದರೆ ಪ್ರಾಣಕ್ಕೇ ಅಪಾಯ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿತಸ್ತಪವೇ ಹೊರತು ಶಕ್ತಿ ಮೀರಿದ ತಪವಲ್ಲ.