ದವಡೆ ಹಲ್ಲು ಕಿತ್ತಿಸಿದ ಮೇಲೆ ಉಳಿದ ಹಲ್ಲುಗಳು ಏಕೆ ಸರಿಯುತ್ತವೆ?

ನಮ್ಮ ವಿಜಯಪುರ ಭಾಗದ ಊಟ ದವಡೆ ಹಲ್ಲಿನ ಊಟ. ಕಟಕ ರೊಟ್ಟಿಯನ್ನು ಮುಂದಿನ ಹಲ್ಲು ಮುರಿಯಬಲ್ಲದು, ಅರೆಯಬೇಕಾದದ್ದು ಹಿಂದಿನವು. ಆದರೂ ಹಿರಿಯರು ಹಲ್ಲಿನ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: "ಹಲ್ಲ ಕಿತ್ತಿಸಿದೆ, ನೋವು ಹೋತು, ಆತು." ನೋವು ಹೋಗುವುದು ನಿಜ. ಬಾಯಿಯೊಳಗಿನ ಬದಲಾವಣೆ ಮಾತ್ರ ಅಂದಿನಿಂದಲೇ ಶುರುವಾಗುತ್ತದೆ.

ಮನುಷ್ಯನ ಹಲ್ಲು ಥಿಕೊಡಾಂಟ್, ಅಂದರೆ ದವಡೆಯ ಎಲುಬಿನ ಗುಳಿಯಲ್ಲಿ ಕೂತಿರುತ್ತದೆ ಎಂದು ಜೀವಶಾಸ್ತ್ರದಲ್ಲಿ ಓದುತ್ತೇವೆ. ಆದರೆ ಬೇರು ಎಲುಬಿಗೆ ನೇರವಾಗಿ ಅಂಟಿಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಇದೇ ಪೆರಿಯೊಡಾಂಟಲ್ ಲಿಗಮೆಂಟ್. ಹಲ್ಲಿನ ಮೇಲೆ ಒಂದೇ ಕಡೆಯಿಂದ ಒತ್ತಡ ಬೀಳುತ್ತಿದ್ದರೆ, ಒತ್ತುವ ಬದಿಯಲ್ಲಿ ಆಸ್ಟಿಯೊಕ್ಲಾಸ್ಟ್ ಕೋಶಗಳು ಎಲುಬನ್ನು ಕರಗಿಸುತ್ತವೆ, ಎಳೆತ ಬಿದ್ದ ಬದಿಯಲ್ಲಿ ಆಸ್ಟಿಯೊಬ್ಲಾಸ್ಟ್ ಕೋಶಗಳು ಹೊಸ ಎಲುಬು ಕಟ್ಟುತ್ತವೆ. ಹೀಗೆ ಹಲ್ಲು ತನ್ನ ಗುಳಿಯ ಸಮೇತ ನಿಧಾನಕ್ಕೆ ಜಾಗ ಬದಲಿಸುತ್ತದೆ. ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಗೆಳೆಯರ ಬಾಯಲ್ಲಿ ನಡೆಯುವುದೂ ಇದೇ ಕ್ರಿಯೆ. ಅಲ್ಲಿ ವೈದ್ಯರು ದಿಕ್ಕು ತೋರಿಸುತ್ತಾರೆ, ಇಲ್ಲಿ ತೋರಿಸುವವರಿಲ್ಲ.

ಕೆಳದವಡೆಯ ಮೊದಲ ದವಡೆ ಹಲ್ಲನ್ನೇ ತೆಗೆದುಕೊಳ್ಳೋಣ. ಇದು ಆರನೇ ವರ್ಷದ ಸುಮಾರಿಗೆ, ಯಾವ ಹಾಲುಹಲ್ಲೂ ಬೀಳದೆ, ಹಿಂದೆ ಮೂಡುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಇದನ್ನೂ ಹಾಲುಹಲ್ಲು ಎಂದೇ ತಿಳಿದು ಅಲಕ್ಷ್ಯ ಮಾಡುತ್ತಾರೆ. ಮೂವತ್ತೈದರ ಹೊತ್ತಿಗೆ ಅದು ಹುಳುಕಾಗಿ ಕಿತ್ತಿಸಿದರು ಎನ್ನಿ. ಅದರ ಹಿಂದಿನ ಹಲ್ಲು, ಅಂದರೆ ಹನ್ನೆರಡರ ಸುಮಾರಿಗೆ ಬಂದದ್ದು, ಖಾಲಿ ಜಾಗದತ್ತ ಮುಂದಕ್ಕೆ ವಾಲುತ್ತದೆ. ಬೇರಿಗಿಂತ ತಲೆ ಹೆಚ್ಚು ಸರಿಯುವುದರಿಂದ ಅದು ಓರೆಯಾಗಿ ನಿಲ್ಲುತ್ತದೆ. ಮುಂದಿನ ಸಣ್ಣ ದವಡೆ ಹಲ್ಲು ಹಲವೊಮ್ಮೆ ಹಿಂದಕ್ಕೆ ಸರಿದು ತನ್ನ ಪಕ್ಕದ ಹಲ್ಲಿನಿಂದ ದೂರವಾಗುತ್ತದೆ. ಮೇಲ್ದವಡೆಯ ಜೋಡಿಗೆ ಕಚ್ಚಲು ಎದುರಾಳಿಯೇ ಇಲ್ಲ. ಅನೇಕರಲ್ಲಿ ಅದು ಕೆಳಗಿನ ಖಾಲಿ ಜಾಗಕ್ಕೆ ಇಳಿಯುತ್ತ ಬರುತ್ತದೆ. ಕಿತ್ತದ್ದು ಒಂದು, ಅಲುಗಿದ್ದು ಮೂರು.

ಓರೆಯಾದ ಹಲ್ಲಿನ ಬುಡದಲ್ಲಿ ಒಂದು ಮೂಲೆ ಉಂಟಾಗುತ್ತದೆ. ಬ್ರಷ್ ಆಗಲಿ ಮಿಸ್ವಾಕ್ ಆಗಲಿ ಅಲ್ಲಿಗೆ ಸಲೀಸಾಗಿ ಮುಟ್ಟುವುದಿಲ್ಲ. ಶೇಂಗಾದ ಚೂರು ಸಿಕ್ಕಿಕೊಳ್ಳುತ್ತದೆ, ಒಸಡು ಬಾಯುತ್ತದೆ, ಪಕ್ಕದ ಹಲ್ಲೂ ಹುಳುಕಾಗಬಹುದು. ನೋವಾದ ಬದಿ ಬಿಟ್ಟು ಇನ್ನೊಂದೇ ಬದಿಯಲ್ಲಿ ಅಗಿಯುವ ರೂಢಿಯೂ ಬೀಳುತ್ತದೆ.

ಎರಡೂ ಬದಿಯ ದವಡೆ ಹಲ್ಲುಗಳು ಹೋದವರಲ್ಲಿ ಭಾರ ಮುಂದಿನ ಹಲ್ಲುಗಳ ಮೇಲೆ ಬೀಳುತ್ತದೆ. ಒಸಡು ಗಟ್ಟಿಯಿದ್ದರೆ ಅವು ತಾಳಿಕೊಳ್ಳಬಹುದು. ಒಸಡಿನ ರೋಗ ಮೊದಲೇ ಇದ್ದರೆ ಮೇಲಿನ ಬಾಚಿಹಲ್ಲುಗಳು ಬೀಸಣಿಗೆಯಂತೆ ಮುಂದಕ್ಕೆ ಹರಡಿ ಸಂದು ಬಿಡುತ್ತವೆ. "ವಯಸ್ಸಾದ ಮೇಲೆ ಹಲ್ಲು ಮುಂದ ಬಂದಾವ" ಎನ್ನುವವರ ಬಾಯಲ್ಲಿ ಹಿಂದಿನ ಹಲ್ಲು ಎಷ್ಟಿವೆ ಎಂದು ಒಮ್ಮೆ ಕೇಳಿ ನೋಡಿ. ಅಂದ ಹಾಗೆ, ಬುದ್ಧಿಹಲ್ಲು ತಳ್ಳುವುದರಿಂದಲೇ ಮುಂದಿನ ಹಲ್ಲು ಸೊಟ್ಟಾಗುತ್ತವೆ ಎಂಬ ಜನಪ್ರಿಯ ಮಾತಿಗೆ ಗಟ್ಟಿ ಆಧಾರವಿಲ್ಲ. ಬುದ್ಧಿಹಲ್ಲು ಇಲ್ಲದವರಲ್ಲೂ ವಯಸ್ಸಿನೊಂದಿಗೆ ಅವು ಒತ್ತೊತ್ತಾಗುತ್ತವೆ.

ಎಲುಬಿನ ಕಥೆ ಬೇರೆ. ಬೇರು ಹೋದ ಗುಳಿಯ ಸುತ್ತಲಿನ ಎಲುಬು ಕೆಲಸವಿಲ್ಲದೆ ಸವೆಯುತ್ತದೆ. ಮೊದಲ ಒಂದು ವರ್ಷದಲ್ಲಿ ಅದರ ಅಗಲ ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. "ಮುಂದ ನೋಡೋಣ" ಎಂದು ಐದು ವರ್ಷ ಬಿಟ್ಟವರಿಗೆ ಇಂಪ್ಲಾಂಟ್ ಹಾಕಲು ಎಲುಬು ಸಾಲದೆ ಹೋಗಬಹುದು. ಬ್ರಿಡ್ಜ್ ಕೂಡಿಸಬೇಕೆಂದರೆ ವಾಲಿದ ಹಲ್ಲನ್ನು ಮೊದಲು ನೆಟ್ಟಗೆ ಮಾಡಬೇಕಾಗಬಹುದು, ಅದಕ್ಕೆ ತಿಂಗಳುಗಳೇ ಬೇಕು.

ಹಾಗಾದರೆ ಪ್ರತಿ ಖಾಲಿ ಜಾಗವನ್ನೂ ತುಂಬಲೇಬೇಕೆ? ಇಲ್ಲ. ನೆದರ್ಲೆಂಡ್ಸ್‌ನ ದಂತತಜ್ಞ ಕೈಸರ್ 1981ರಲ್ಲಿ ತೋರಿಸಿದಂತೆ, ಮುಂದಿನ ಹಲ್ಲು ಮತ್ತು ಸಣ್ಣ ದವಡೆ ಹಲ್ಲು ಸೇರಿ ಇಪ್ಪತ್ತು ಗಟ್ಟಿಯಾಗಿದ್ದರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಬದುಕಿನುದ್ದಕ್ಕೂ ಕನಿಷ್ಠ 20 ಸ್ವಂತ ಹಲ್ಲು ಉಳಿಯಬೇಕೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ 1992ರಲ್ಲಿ ಹೇಳಿತು. ಸರಿಯುವ ವೇಗವೂ ಎಲ್ಲರಲ್ಲಿ ಒಂದೇ ಅಲ್ಲ. ತುಂಬುವುದೋ ಬಿಡುವುದೋ ಎಂಬುದನ್ನು ಬಾಯಿ ನೋಡಿ ತೀರ್ಮಾನಿಸಬೇಕು, ಕಾಲಕ್ಕೆ ಬಿಡಬಾರದು.

ಆದ್ದರಿಂದ ಮನೆಯಲ್ಲಿ ಯಾರಾದರೂ ಹಲ್ಲು ಕೀಳಿಸಲು ಹೊರಟರೆ ಜೊತೆಗೆ ಹೋಗಿ. ರೂಟ್ ಕೆನಾಲ್ ಮಾಡಿ ಇದನ್ನು ಉಳಿಸಬಹುದೇ ಎಂದು ಮೊದಲು ಕೇಳಿ. ಉಳಿಯದಿದ್ದರೆ, ಆ ಜಾಗಕ್ಕೆ ಏನು, ಯಾವಾಗ ಎಂದು ಅಂದೇ ಕೇಳಿ. ಖರ್ಚಿನ ಚಿಂತೆಯಿದ್ದರೆ ನಗರದ ಅಲ್-ಅಮೀನ್ ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ಹಲ್ಲೆಲ್ಲ ಹೋದ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲೆಂದು ರಾಜ್ಯ ಸರಕಾರ ತಂದ ದಂತ ಭಾಗ್ಯ ಯೋಜನೆಯ ಬಗ್ಗೆಯೂ ಅಲ್ಲೇ ಕೇಳಿ. ಹೋಗುವಾಗ ರೇಷನ್ ಕಾರ್ಡ್ ಜೊತೆಗಿರಲಿ.