ಕೌದಿಯ ಅಡಿಯಲ್ಲಿ ನೂಲಿನ ಗಂಟು

ಬೈಂದೂರಿನ ಅಕ್ಕನವರೇ, ಮಿಷನ್ನಿನಲ್ಲಿ ಕೌದಿ ಹೊಲಿದರೆ ಮೇಲೆ ಬಳ್ಳಿ ಚೆಂದ ಬರುತ್ತದೆ, ಮಗುಚಿ ನೋಡಿದರೆ ನೂಲಿನ ಗೂಡು ಎಂದು ಬರೆದಿದ್ದೀರಿ. ಬಾಬಿನ್ನನ್ನು ಬೈಯಬೇಡಿ, ತಪ್ಪು ಮೇಲಿನ ನೂಲಿನದು. ಡಾರ್ನಿಂಗ್ ಫೂಟ್ ಬಟ್ಟೆಯನ್ನು ಒತ್ತಿ ಕೂರುವುದಿಲ್ಲ. ಹಾಗಾಗಿ ಫೂಟ್ ಇಳಿಸುವ ಹಿಂದಿನ ಹಿಡಿಯನ್ನು ಇಳಿಸಲು ಮರೆತದ್ದು ಗೊತ್ತೇ ಆಗುವುದಿಲ್ಲ. ಹಿಡಿ ಮೇಲಿದ್ದರೆ ಟೆನ್ಷನ್ ತಟ್ಟೆಗಳು ಬಾಯಿ ಬಿಟ್ಟಿರುತ್ತವೆ, ನೂಲು ಹಿಡಿತವಿಲ್ಲದೆ ಅಡಿಗೆ ಜಾರುತ್ತದೆ. ಹಿಡಿ ಸರಿಯಿದ್ದರೆ ಫೂಟ್ ಎತ್ತಿ, ನೂಲನ್ನು ಮೊದಲಿನಿಂದ ಪೋಣಿಸಿ. ಟೆನ್ಷನ್ ತಿರುಪು ಕೊನೆಗೆ.

ಸೂಜಿ ಮುರಿಯುತ್ತದೆ ಎಂದೂ ಬರೆದಿದ್ದೀರಿ, ಅದಕ್ಕೆ ನಿಮ್ಮ ಕೈಯ ಅವಸರವೇ ಕಾರಣ. ಬಟ್ಟೆ ದೂಡುವ ಹಲ್ಲು ಇಳಿಸಿದ ಮೇಲೆ ಬಟ್ಟೆ ಸರಿಸುವುದು ಕೈ ಮಾತ್ರ. ಸೂಜಿ ಒಳಗಿರುವಾಗ ಎಳೆದರೆ ಅದು ಬಾಗಿ ಅಡಿಯ ಸೂಜಿತಟ್ಟೆಗೆ ಬಡಿಯುತ್ತದೆ. ಮೋಟಾರು ಒಂದೇ ವೇಗದಲ್ಲಿರಲಿ, ಕೈ ನಿಧಾನವಾಗಲಿ. ನಾಲ್ಕು ಪದರ ಹಳೆ ಹತ್ತಿ ಸೀರೆಗೆ 11ರ ಸೂಜಿ ಸಾಲದು. 14 ಅಥವಾ 16 ಹಾಕಿ.

ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಕೈಹೊಲಿಗೆಯ ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮಿಷನ್ನಿನಲ್ಲಿ ಉಲ್ಟಾ: ನಡುವಿನಿಂದ ಹೊರಕ್ಕೆ ಹೋಗಿ, ಇಲ್ಲವಾದರೆ ಸುಕ್ಕು ಮಧ್ಯದಲ್ಲಿ ಸಿಕ್ಕಿಬೀಳುತ್ತದೆ.

ಇನ್ನೊಂದು ಮಾತು. ನಮ್ಮ ಮಳೆಗಾಲಕ್ಕೆ ಬಾಬಿನ್ ಕೇಸು ತುಕ್ಕು ಹಿಡಿಯುತ್ತದೆ ನಿಜ, ಆದರೆ ಅಡುಗೆಮನೆಯ ತೆಂಗಿನೆಣ್ಣೆ ಬಿಡಬೇಡಿ, ಅಂಟಾಗುತ್ತದೆ. ಮಿಷನ್ ಎಣ್ಣೆ ಎರಡು ಹನಿ ಸಾಕು.

ಮೇಲೆ ಕೆಂಪು, ಅಡಿಗೆ ಬಿಳಿ ನೂಲು ಹಾಕಿ ಒಂದು ಗೇಣು ಹಳೆ ತುಂಡಿನಲ್ಲಿ ಹೊಲಿದು ನೋಡಿ. ಅಡಿಯಲ್ಲಿ ಆಗಲೂ ಕೆಂಪು ಕಂಡರೆ ಎರಡೂ ಬದಿಯ ಫೋಟೋ ಕಳಿಸಿ.